ಮಕ್ಕಳೆಲ್ಲ ಬರುವ ದೀಪಾವಳಿ: ದಿನ ಗೊತ್ತು ಮಾಡುವುದರಿಂದ ಬುತ್ತಿ ಕಟ್ಟುವವರೆಗೆ

ಮದುವೆಯಾಗಿ ಬೇರೆ ಊರಲ್ಲಿ ಮನೆ ಮಾಡಿದ ಮಕ್ಕಳು ಹಬ್ಬಕ್ಕೆ ಬಂದಾಗ ಹೆಚ್ಚಿನ ಮನೆಗಳಲ್ಲಿ ಒಂದೇ ತಪ್ಪು ಆಗುತ್ತದೆ. ಅಮ್ಮ ಮೂರು ದಿನ ಒಲೆಯ ಮುಂದೆ ನಿಂತಿರುತ್ತಾಳೆ, ಮಕ್ಕಳ ಮುಖ ನೋಡುವುದು ಬಡಿಸುವಾಗ ಮಾತ್ರ. ಅವರು ಹೊರಟು ನಿಂತಾಗ ಸರಿಯಾಗಿ ಕೂತು ಮಾತಾಡಲೇ ಇಲ್ಲವಲ್ಲ ಎಂದು ಎಲ್ಲರಿಗೂ ಅನಿಸುತ್ತದೆ. ಅಡುಗೆ ಕಡಿಮೆ ಮಾಡಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಯಾವ ಕೆಲಸ ಯಾವ ದಿನ, ಯಾರ ಕೈಯಲ್ಲಿ ಎಂದು ಮೊದಲೇ ಗೊತ್ತುಪಡಿಸಿಕೊಳ್ಳಬೇಕು.

ಇಲ್ಲಿ ಲೆಕ್ಕಕ್ಕೆ 14 ಜನರ ಮನೆ ಇಟ್ಟುಕೊಂಡಿದ್ದೇವೆ: ಅಪ್ಪ, ಅಮ್ಮ, ಅಜ್ಜಿ, ಮಗ-ಸೊಸೆ, ಮಗಳು-ಅಳಿಯ, ಇನ್ನೂ ಮದುವೆಯಾಗದ ಕಿರಿಯವನು, ಅತ್ತೆ-ಮಾವ, ಒಬ್ಬ ಚಿಕ್ಕಮ್ಮ, ಮೂವರು ಮೊಮ್ಮಕ್ಕಳು. ಮನೆ ಶಿವಮೊಗ್ಗದಲ್ಲಿದೆ ಎಂದುಕೊಳ್ಳಿ. ನಿಮ್ಮ ಊರು, ನಿಮ್ಮ ಜನಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ದಿನ ಗೊತ್ತು ಮಾಡುವುದು

ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ, ಮರುದಿನ ನರಕ ಚತುರ್ದಶಿ, ಆಮೇಲೆ ಅಮಾವಾಸ್ಯೆಯ ಲಕ್ಷ್ಮೀಪೂಜೆ, ಕೊನೆಗೆ ಬಲಿಪಾಡ್ಯಮಿ. ಕೆಲವು ವರ್ಷ ಎರಡು ತಿಥಿ ಒಂದೇ ದಿನ ಬೀಳುತ್ತವೆ, ಕೆಲವು ವರ್ಷ ನಡುವೆ ಒಂದು ದಿನ ಖಾಲಿ ಉಳಿಯುತ್ತದೆ. ಹಾಗಾಗಿ ಮಕ್ಕಳಿಗೆ 'ದೀಪಾವಳಿಗೆ ಬನ್ನಿ' ಎಂದಷ್ಟೇ ಹೇಳಿದರೆ ಸಾಲದು, ಪಂಚಾಂಗ ನೋಡಿ ತಾರೀಖು ಹೇಳಬೇಕು. ಕರ್ನಾಟಕದಲ್ಲಿ ಸರ್ಕಾರಿ ರಜೆ ಇರುವುದು ನರಕ ಚತುರ್ದಶಿ ಮತ್ತು ಬಲಿಪಾಡ್ಯಮಿಗೆ. ಉತ್ತರದ ರಾಜ್ಯಗಳಲ್ಲಿ ಕೆಲಸ ಮಾಡುವ ಮಕ್ಕಳಿಗೆ ರಜೆ ಸಿಗುವುದು ಅಮಾವಾಸ್ಯೆಗೆ. ಅಣ್ಣ ಬೆಂಗಳೂರಿನಲ್ಲಿ, ತಂಗಿ ದೆಹಲಿಯಲ್ಲಿ ಇದ್ದರೆ ಇಬ್ಬರಿಗೂ ರಜೆ ಇರುವ ದಿನ ತಾನಾಗಿ ಒದಗಿ ಬರುವುದಿಲ್ಲ. ಯಾರು ಯಾವ ದಿನ ರಜೆ ಹಾಕಬೇಕು ಎಂಬುದನ್ನು ಎರಡೂವರೆ ತಿಂಗಳು ಮೊದಲೇ ಕೇಳಿಕೊಳ್ಳಿ.

ಇದಕ್ಕಿಂತ ಸೂಕ್ಷ್ಮವಾದದ್ದು ಬೀಗರ ಮನೆಯ ವಿಚಾರ. ಮದುವೆಯಾದ ಮೊದಲ ದೀಪಾವಳಿಗೆ ಮಗಳು-ಅಳಿಯ ತವರಿಗೆ ಬರುವ ರೂಢಿ ಇದೆ. ಅದರ ಬಗ್ಗೆ ತಕರಾರು ಹುಟ್ಟುವುದು ಕಡಿಮೆ. ಎರಡನೆಯ ವರ್ಷದಿಂದ ಎಳೆದಾಟ ಶುರು. ಆಗ ನಡುವೆ ಸಿಕ್ಕಿಬೀಳುವುದು ಮಕ್ಕಳೇ. 'ನಿಮ್ಮಮ್ಮನಿಗೆ ಹೇಳು', 'ನಿಮ್ಮತ್ತೆಗೆ ಹೇಳು' ಎಂದು ಅವರ ಕೈಯಲ್ಲಿ ಸುದ್ದಿ ಕಳಿಸುತ್ತಾ ಕೂರಬೇಡಿ. ಬೀಗಿತ್ತಿಗೆ ನೀವೇ ಫೋನ್ ಮಾಡಿ. 'ಈ ಸಲ ಹಬ್ಬಕ್ಕೆ ಏನು ಯೋಚನೆ ಮಾಡಿದೀರಿ?' ಎಂದು ಮೊದಲು ಅವರದ್ದನ್ನು ಕೇಳಿ, ಆಮೇಲೆ ನಿಮ್ಮದನ್ನು ಹೇಳಿ. ಒಂದು ವರ್ಷ ದೀಪಾವಳಿ ನಿಮ್ಮಲ್ಲಿ, ಯುಗಾದಿ ಅವರಲ್ಲಿ, ಮರುವರ್ಷ ಅದಲುಬದಲು ಎನ್ನುವ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಚತುರ್ದಶಿ ಒಂದು ಮನೆ, ಪಾಡ್ಯ ಇನ್ನೊಂದು ಮನೆ ಎಂದು ಹಂಚಿಕೊಳ್ಳುವುದಾದರೆ ಎರಡು ಮನೆಗಳ ನಡುವಿನ ದಾರಿ ಮೂರು ಗಂಟೆಯೊಳಗಿರಬೇಕು. ಅದಕ್ಕಿಂತ ದೂರವಾದರೆ ಮಕ್ಕಳ ಹಬ್ಬವೆಲ್ಲ ಕಾರಿನಲ್ಲೇ ಕಳೆಯುತ್ತದೆ. ಬೀಗರು ಒಬ್ಬರೇ ಅಥವಾ ಇಬ್ಬರೇ ಇದ್ದರೆ ಅವರನ್ನೂ ಕರೆದುಬಿಡುವುದು ಎಲ್ಲಕ್ಕಿಂತ ಸುಲಭದ ದಾರಿ. ಈ ಲೆಕ್ಕದ 14 ಜನರಲ್ಲಿರುವ ಅತ್ತೆ-ಮಾವ ಮಗಳ ಅತ್ತೆ-ಮಾವನೇ.

ಟಿಕೆಟ್

ರೈಲಿನ ಮುಂಗಡ ಬುಕಿಂಗ್ ಈಗ 120 ದಿನ ಅಲ್ಲ. 2024ರ ನವೆಂಬರ್ 1ರಿಂದ 60 ದಿನ, ಅದರಲ್ಲಿ ಪ್ರಯಾಣದ ದಿನ ಸೇರುವುದಿಲ್ಲ. ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಹಬ್ಬದ ಹಿಂದಿನ ದಿನದ ಟಿಕೆಟ್ ಬೇಗ ಮುಗಿಯುತ್ತದೆ, ಆದ್ದರಿಂದ ಬರುವ ದಿನದ ಮತ್ತು ಹೋಗುವ ದಿನದ 60ನೇ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬರುವ ಟಿಕೆಟ್ ಮಾಡಿಸಿ ಹೋಗುವುದನ್ನು ಮರೆಯುವವರೇ ಹೆಚ್ಚು. ತತ್ಕಾಲ್ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ಮಾಡುವುದಾದರೆ ಆಧಾರ್ ಜೋಡಿಸಿದ ಖಾತೆ ಬೇಕೇ ಬೇಕು. ಆ ಜೋಡಣೆಯನ್ನು ಈಗಲೇ ಮುಗಿಸಿಡಿ.

ಹಿರಿಯರಿಗೆ ಕೆಳಗಿನ ಬರ್ತ್ ಬೇಕಿದ್ದರೆ ಅವರ ಟಿಕೆಟನ್ನು ಬೇರೆಯಾಗಿ ಮಾಡಿಸಿ. ಕೆಳ ಬರ್ತಿನ ಹಿರಿಯರ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇದೆ, ಆದರೆ ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರೇ ಇದ್ದಾಗ. ಆರು ಜನರನ್ನು ಒಟ್ಟಿಗೆ ಹಾಕಿ ಬುಕ್ ಮಾಡಿದಾಗ ಅಜ್ಜಿಗೆ ಮೇಲಿನ ಬರ್ತ್ ಬರುವುದು ಇದೇ ಕಾರಣಕ್ಕೆ.

ಮಲಗುವುದು, ಎಣ್ಣೆಸ್ನಾನ

ಮಲಗುವ ಜಾಗವನ್ನು ಬಂದ ರಾತ್ರಿ ಯೋಚಿಸಬಾರದು. ಒಂದು ಕೋಣೆ ಬೀಗರಿಗೆ, ಒಂದು ಚಿಕ್ಕ ಮಗುವಿರುವ ದಂಪತಿಗೆ, ಬಚ್ಚಲಿಗೆ ಹತ್ತಿರದ ಮಂಚ ಅಜ್ಜಿಗೆ. ಉಳಿದವರಿಗೆ ಹಾಲಿನಲ್ಲಿ ಹಾಸಿಗೆ. ಅಟ್ಟದ ಮೇಲಿನ ಹಾಸಿಗೆ, ರಗ್ಗುಗಳನ್ನು ಹತ್ತು ದಿನ ಮೊದಲೇ ಇಳಿಸಿ ಎರಡು ಬಿಸಿಲು ತೋರಿಸಿ. ಮಳೆಗಾಲ ಕಳೆದ ಮೇಲೆ ಮುಚ್ಚಿಟ್ಟ ಹಾಸಿಗೆಯ ಮುಗ್ಗಲು ವಾಸನೆಗೆ ಮೊದಲ ರಾತ್ರಿಯೇ ಮಕ್ಕಳಿಗೆ ಸೀನು ಶುರುವಾಗುತ್ತದೆ. ಮನೆಯಿಂದಲೇ ಕೆಲಸ ಮಾಡಬೇಕಾದವರು ಇದ್ದರೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ತೋರಿಸಿಬಿಡಿ. 'ಹಬ್ಬಕ್ಕೆ ಬಂದೂ ಲ್ಯಾಪ್‌ಟಾಪಾ' ಎನ್ನುವ ಮಾತು ಬೇಡ. ಅವರು ರಜೆ ಉಳಿಸಿಕೊಂಡು ಒಂದು ದಿನ ಹೆಚ್ಚು ಇರಲೆಂದೇ ಹಾಗೆ ಮಾಡುತ್ತಿರುತ್ತಾರೆ.

ಚತುರ್ದಶಿಯ ಬೆಳಗಿನ ಅಭ್ಯಂಜನವೇ ನಿಜವಾದ ಪರೀಕ್ಷೆ. 25 ಲೀಟರಿನ, 2 ಕಿಲೋವಾಟ್ ಗೀಸರ್ ತುಂಬಾ ನೀರು ಕಾಯಲು ಸುಮಾರು ಅರ್ಧ ಗಂಟೆ ಬೇಕು. ಎಣ್ಣೆ ಬಿಡಿಸಲು ಒಬ್ಬರಿಗೆ ಕನಿಷ್ಠ 20 ಲೀಟರ್ ಬಿಸಿನೀರು ಹೋಗುತ್ತದೆ. 14 ಜನ, ತಲಾ ಅರ್ಧ ಗಂಟೆ ಎಂದರೆ ಬೆಳಗಿನ 4ಕ್ಕೆ ಆರಂಭಿಸಿದರೂ ಕೊನೆಯವರು ಏಳುವುದು 11ಕ್ಕೆ. ಹಾಗಾಗಿ ಹಂಡೆ ಇದ್ದರೆ ಹೊರಗೆ ತೆಗೆಯಿರಿ. ಹಿಂದಿನ ಸಂಜೆ ಹೇಗೂ ಹಂಡೆ ತೊಳೆದು, ಸುಣ್ಣ-ಕೆಮ್ಮಣ್ಣು ಬಳಿದು, ಹಾಗಲಬಳ್ಳಿ ಸುತ್ತಿ ನೀರು ತುಂಬಿರುತ್ತೀರಿ. ಬೆಳಿಗ್ಗೆ ಮೂರೂವರೆಗೆ ಬೆಂಕಿ ಹಾಕಿದರೆ ಐದರ ಹೊತ್ತಿಗೆ ನೀರು ಕಾದಿರುತ್ತದೆ. ತೆಗೆದಷ್ಟು ತಣ್ಣೀರು ಕೂಡಲೇ ತುಂಬುತ್ತಿರಬೇಕು, ಇಲ್ಲದಿದ್ದರೆ ಏಳನೆಯವರಿಗೆ ಹಂಡೆ ಬರಿದಾಗಿರುತ್ತದೆ. ಆ ಕೆಲಸಕ್ಕೆ ಒಬ್ಬರನ್ನು ನೇಮಿಸಿ. ಕಿರಿಯವನಿಗೆ ಹೇಳಿ ಮಾಡಿಸಿದ ಕೆಲಸ.

ಎಣ್ಣೆ ಬಿದ್ದ ಬಚ್ಚಲು ಹಿರಿಯರ ಸೊಂಟ ಮುರಿಯುವ ಜಾಗ. ಪ್ರತಿಯೊಬ್ಬರ ಸ್ನಾನವಾದ ಮೇಲೆ ಒಂದು ಹಿಡಿ ಸೀಗೆಪುಡಿ ಅಥವಾ ಸೋಪಿನ ಪುಡಿ ಎರಚಿ, ಪೊರಕೆಯಲ್ಲಿ ಉಜ್ಜಿ ಬಿಸಿನೀರು ಹುಯ್ಯಬೇಕು. ಅಜ್ಜಿಗೆ ಎಣ್ಣೆ ಹಚ್ಚುವುದು ಬಚ್ಚಲಿನ ಹೊರಗೆ, ಮಣೆಯ ಮೇಲೆ. ಸ್ನಾನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎಲ್ಲರಿಗಿಂತ ಮೊದಲು. ಗ್ಯಾಸ್ ಗೀಸರ್ ಇರುವ ಮನೆಯವರು ಈ ಮಾತು ಗಮನವಿಟ್ಟು ಓದಿ: ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡುತ್ತಾ ಹೋದಾಗ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ತಲೆ ಸುತ್ತಿ ಬಿದ್ದವರು ಕೂಗಲೂ ಆಗದೆ ಪ್ರಾಣ ಕಳೆದುಕೊಂಡದ್ದಿದೆ. ಕಿಟಕಿ ತೆರೆದಿರಲಿ, ಬಕೆಟಿಗೆ ನೀರು ಹಿಡಿದು ಗೀಸರ್ ಆರಿಸಿಯೇ ಒಳಗೆ ಹೋಗಲಿ, ಒಬ್ಬರಿಂದೊಬ್ಬರಿಗೆ ಹತ್ತು ನಿಮಿಷ ಬಾಗಿಲು ತೆರೆದಿಡಿ.

ಅಡುಗೆ

ಕಜ್ಜಾಯದ ಹಿಟ್ಟನ್ನು ಹಬ್ಬಕ್ಕೆ ನಾಲ್ಕು ದಿನ ಮೊದಲೇ ಮಾಡಿಡಬೇಕು. 1 ಕಿಲೋ ಅಕ್ಕಿ ನೆನೆಸಿ, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ, ಮುಟ್ಟಿದರೆ ಕೈಗೆ ತೇವ ತಾಗುವಾಗಲೇ ಮಿಲ್ಲಿಗೆ ಒಯ್ಯಿರಿ. 750 ಗ್ರಾಂ ಬೆಲ್ಲದ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಮೆತ್ತಗಿನ ಉಂಡೆ ಕಟ್ಟಬೇಕು. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಕರಗಿ ಹರಡುತ್ತದೆ, ಮೀರಿದರೆ ಕಲ್ಲಾಗುತ್ತದೆ. ಹಿಟ್ಟು ಮೂರು ದಿನ ಕೂತರೆ ಹದ ತಾನಾಗಿ ಬರುತ್ತದೆ. ಕರಿಯುವುದು ಮಾತ್ರ ಮಕ್ಕಳು ಬಂದ ಮೇಲೆ.

ಈಗ ಹೋಳಿಗೆ. ಬಲಿಪಾಡ್ಯಮಿಯ ಮಧ್ಯಾಹ್ನದ ಊಟಕ್ಕೆ 1 ಕಿಲೋ ಕಡಲೆಬೇಳೆ, 900 ಗ್ರಾಂ ಬೆಲ್ಲ ಸಾಕು. 60 ಗ್ರಾಂ ಹೂರಣದ ಉಂಡೆ ಮಾಡಿದರೆ ಹತ್ತಿರ ಹತ್ತಿರ 50 ಹೋಳಿಗೆ ಆಗುತ್ತವೆ. ಊಟದಲ್ಲಿ 30-32 ಖರ್ಚಾದರೆ ಉಳಿದದ್ದು ಬುತ್ತಿಗೆ.

ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಬೇಡಿ. ಎರಡು ಸೀಟಿಗೂ ಮೂರು ಸೀಟಿಗೂ ನಡುವೆ ಹದ ತಪ್ಪಿಬಿಡುತ್ತದೆ. ದೊಡ್ಡ ಪಾತ್ರೆಯಲ್ಲಿ 4 ಲೀಟರ್ ನೀರು ಕುದಿಸಿ ಬೇಳೆ ಹಾಕಿ, ಮುಕ್ಕಾಲು ಗಂಟೆಯ ಹೊತ್ತು ನೋಡುತ್ತಾ ಇರಿ. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ: ನುಣ್ಣಗೆ ಒಡೆಯಬೇಕು, ಆದರೆ ಪಾತ್ರೆಯಲ್ಲಿದ್ದಾಗ ಬೇಳೆಯ ಆಕಾರ ಉಳಿದಿರಬೇಕು. ಆ ಕ್ಷಣಕ್ಕೆ ಬಸಿದುಬಿಡಿ. ಬಸಿದ ಕಟ್ಟು ಹೋಳಿಗೆ ಸಾರಿಗೆ, ಚೆಲ್ಲಬೇಡಿ. ಬೆಲ್ಲವನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಬೇಳೆ ಅಲ್ಲಿಗೇ ಗಟ್ಟಿಯಾಗಿ ನಿಂತುಹೋಗುತ್ತದೆ. ಬೆಲ್ಲ ಕರಗಿ ನೀರೊಡೆದು, ಮತ್ತೆ ಆರಿ, ಸೌಟು ನೆಟ್ಟಗೆ ನಿಲ್ಲುವವರೆಗೆ ಕೈಯಾಡಿಸಿ. ಆರಿದ ಮೇಲೆ 10-12 ಏಲಕ್ಕಿ ಹಾಕಿ ರುಬ್ಬಿ. ಹೂರಣ ತೆಳ್ಳಗಾಯಿತೇ? ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಬಾಡಿಸಿ, ಅವಸರವಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಸೇರಿಸಿ. ಇಷ್ಟೂ ಹಿಂದಿನ ಸಂಜೆಯೇ ಮುಗಿಯಬೇಕು. ರಾತ್ರಿ ಫ್ರಿಜ್ಜಿನಲ್ಲಿಟ್ಟು, ತಟ್ಟುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ.

ಕಣಕಕ್ಕೆ 400 ಗ್ರಾಂ ಮೈದಾ, 200 ಗ್ರಾಂ ಚಿರೋಟಿ ರವೆ, ಚಿಟಿಕೆ ಅರಿಶಿನ, ಸ್ವಲ್ಪ ಉಪ್ಪು, ಸುಮಾರು 400 ಮಿಲಿ ನೀರು. ಚೆನ್ನಾಗಿ ನಾದಿ, ಮೇಲೆ 150 ಮಿಲಿ ಎಣ್ಣೆ ಹುಯ್ದು ಕನಿಷ್ಠ ಎರಡು ಗಂಟೆ ನೆನೆಯಲು ಬಿಡಿ. ಎಳೆದರೆ ರಬ್ಬರಿನ ಹಾಗೆ ಹಿಗ್ಗಬೇಕು. ತಟ್ಟುವಾಗ ಹರಿಯುತ್ತಿದ್ದರೆ ಒಂದೋ ಕಣಕ ನೆನೆದಿಲ್ಲ, ಇಲ್ಲವೇ ಹೂರಣದಲ್ಲಿ ಇಡೀ ಬೇಳೆ ಉಳಿದಿದೆ.

ಒಂದು ಹೋಳಿಗೆ ಬೇಯಲು ಎರಡು ನಿಮಿಷ. ಒಂದೇ ಕಾವಲಿಯಲ್ಲಿ 50 ಹೋಳಿಗೆ ಎಂದರೆ ಎರಡು ಗಂಟೆ ಸಮೀಪ. ಅದು ಅಮ್ಮನೊಬ್ಬಳೇ ಮಾಡುವ ಕೆಲಸವಲ್ಲ. ಎರಡು ಕಾವಲಿ ಇಟ್ಟು, ಒಬ್ಬರು ಉಂಡೆ ಕಟ್ಟಿ, ಇಬ್ಬರು ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿ, ಒಬ್ಬರು ಬೇಯಿಸಿದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮಾತು ನಡೆಯುವುದೂ ಆ ಒಂದು ಗಂಟೆಯಲ್ಲೇ. ಕಾವಲಿಯ ಬಳಿ ಮಗನನ್ನು ನಿಲ್ಲಿಸಿ. ಮೊದಲ ನಾಲ್ಕು ಹೋಳಿಗೆ ಕಪ್ಪಗಾದರೂ ಸುಮ್ಮನಿರಿ, ಐದನೆಯದು ಸರಿಯಾಗಿ ಬರುತ್ತದೆ. ನೀವು ಕೈಯಿಂದ ಸೌಟು ಕಸಿದುಕೊಂಡರೆ ಮುಂದಿನ ವರ್ಷ ಅವನು ಒಳಗೆ ಬರುವುದಿಲ್ಲ.

ಉಳಿದ ಅಳತೆ ಹೀಗೆ: ಅನ್ನಕ್ಕೆ 900 ಗ್ರಾಂ, ಚಿತ್ರಾನ್ನಕ್ಕೆ 350 ಗ್ರಾಂ ಅಕ್ಕಿ. ಹೋಳಿಗೆ ಇರುವ ದಿನ ಅನ್ನ ಖರ್ಚಾಗುವುದು ಕಡಿಮೆ, ಇದಕ್ಕಿಂತ ಹೆಚ್ಚು ಹಾಕಿದರೆ ರಾತ್ರಿಗೂ ಅದೇ ಅನ್ನ. ಕೋಸಂಬರಿಗೆ 150 ಗ್ರಾಂ ಹೆಸರುಬೇಳೆ, ಎರಡು ಸೌತೆಕಾಯಿ. ಉಪ್ಪನ್ನು ಎಲೆ ಹಾಕಿದ ಮೇಲೆ ಬೆರೆಸಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಪಕ್ಕದ ಪಲ್ಯಕ್ಕೆ ಹರಿಯುತ್ತದೆ. ಹುರುಳಿಕಾಯಿ ಪಲ್ಯಕ್ಕೆ 1 ಕಿಲೋ. ಮೊಸರು ಒಂದೂವರೆ ಲೀಟರ್, ಹೋಳಿಗೆಗೆ ಹಾಲು 1 ಲೀಟರ್, ತುಪ್ಪ ಅರ್ಧ ಕಿಲೋ, ತೆಂಗಿನಕಾಯಿ 5, ಬಾಳೆಲೆ 20. ಎಲೆಯ ಕುಡಿ ಊಟ ಮಾಡುವವರ ಎಡಕ್ಕೆ ಬರಬೇಕು ಎಂಬುದನ್ನು ಎಲೆ ಹಾಕುವ ಅಳಿಯನಿಗೆ ಮೊದಲೇ ಹೇಳಿಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ 30 ಗ್ರಾಂ ಹೂರಣದ ಚಿಕ್ಕ ಹೋಳಿಗೆ ಬೇರೆಯಾಗಿ ತಟ್ಟಿ ಕೊಡಿ. ಎಲೆಯಲ್ಲಿ ಹೋಳಿಗೆ ಇಲ್ಲದೆ ಕೂರಿಸುವುದಕ್ಕಿಂತ ಇದು ಮೇಲು. ಅವರಿಗೆ ಬಡಿಸುವುದು ಒಂದೇ, ಒತ್ತಾಯವಿಲ್ಲ.

'ಅಮ್ಮ, ಏನಾದ್ರೂ ಮಾಡ್ಲಾ?' ಎಂದು ಯಾರಾದರೂ ಕೇಳಿದರೆ 'ಏನೂ ಬೇಡ, ಕೂತ್ಕೋ' ಎನ್ನುವ ರೂಢಿಯನ್ನು ಬಿಡಬೇಕು. ಒಂದು ಕೆಲಸವನ್ನು ಪೂರ್ತಿ ಒಪ್ಪಿಸಿ: ಐದು ಕಾಯಿ ತುರಿಯುವುದು, ರಾತ್ರಿ ಪಾತ್ರೆ ಪೂರ್ತಿ ತೊಳೆಯುವುದು, ಬೆಳಗಿನ ಕಾಫಿ. ಸೊಸೆ ಒಳಗೇ ಇರಬೇಕು, ಮಗಳು ತವರಿಗೆ ಬಂದಿದ್ದಾಳೆ ಆದ್ದರಿಂದ ಕೂತಿರಬಹುದು ಎನ್ನುವ ಲೆಕ್ಕ ನಡೆಯುವುದಿಲ್ಲ. ಸೊಸೆಯೂ ಒಂದು ವಾರದ ಕೆಲಸ ಮುಗಿಸಿ ರಾತ್ರಿ ಬಸ್ಸಿನಲ್ಲಿ ಬಂದವಳು. ಹಾಗೆಯೇ, ಎಲ್ಲರ ಮುಂದೆ ಎಲೆಯ ಮೇಲೆ ಕೇಳಬಾರದ ಮೂರು ಪ್ರಶ್ನೆಗಳಿವೆ: ಸಂಬಳ ಎಷ್ಟು, ಮದುವೆ ಯಾವಾಗ, ಸಿಹಿಸುದ್ದಿ ಯಾವಾಗ. ಹೇಳಬೇಕಾದ್ದಿದ್ದರೆ ಮಕ್ಕಳು ತಾವಾಗಿ ರಾತ್ರಿ ಅಂಗಳದಲ್ಲಿ ಕೂತಾಗ ಹೇಳುತ್ತಾರೆ.

ಪಟಾಕಿ ಹಸಿರು ಪಟಾಕಿಯೇ ಇರಲಿ, ರಾತ್ರಿ 8ರಿಂದ 10ರೊಳಗೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ಮಕ್ಕಳಿಗೆ ರೇಷ್ಮೆ ಲಂಗ, ನೈಲಾನ್ ಬಟ್ಟೆ ಬೇಡ, ಹತ್ತಿಯದನ್ನೇ ಹಾಕಿ.

ಖರ್ಚು

ದುಡಿಯುವ ಮಕ್ಕಳು ಹಣ ಕೊಟ್ಟರೆ ಬೇಡ ಎನ್ನಬೇಡಿ, ಆದರೆ ಪೈಸೆ ಪೈಸೆ ಹಂಚಿಕೊಳ್ಳುವುದೂ ಮನೆಗೆ ಒಗ್ಗುವುದಿಲ್ಲ. ಬಾಬ್ತು ಹಂಚಿಕೊಳ್ಳಿ: ದಿನಸಿ, ಹಾಲು, ಹೂವು ನಿಮ್ಮದು, ಹಬ್ಬದ ನಂತರದ ತಿರುಗಾಟದ ಗಾಡಿ ಮಗನದು, ಅಲ್ಲಿ ಉಳಿದುಕೊಳ್ಳುವ ಖರ್ಚು ಮಗಳದು, ಕಿರಿಯವನದು ಪಟಾಕಿ. ಒಬ್ಬರ ಆದಾಯ ಕಡಿಮೆ ಇದ್ದರೆ ಅವರಿಗೆ ಚಿಕ್ಕ ಬಾಬ್ತು ಕೊಡಿ, ಅದನ್ನು ಎಲ್ಲರೆದುರು ಆಡಿ ತೋರಿಸಬೇಡಿ.

ಎರಡು ದಿನದ ತಿರುಗಾಟ

ಪಾಡ್ಯದ ಮರುದಿನ ಹೊರಡಿ. 14 ಜನಕ್ಕೆ 12 ಸೀಟಿನ ಟೆಂಪೋ ಟ್ರಾವೆಲರ್ ಸಾಲದು, 17 ಸೀಟಿನದನ್ನೇ ಕೇಳಿ, ಮಿಕ್ಕ ಸೀಟಿನಲ್ಲಿ ಸಾಮಾನು ಹೋಗುತ್ತದೆ. ಬಾಡಿಗೆ ಮಾತಾಡುವಾಗ ನಾಲ್ಕು ವಿಷಯ ಬರೆಸಿಕೊಳ್ಳಿ: ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ, ಡ್ರೈವರ್ ಬತ್ತೆ ಎಷ್ಟು, ಟೋಲು-ಪಾರ್ಕಿಂಗ್ ಯಾರದು. ಮೀಟರ್ ನಿಮ್ಮ ಮನೆ ಬಾಗಿಲಿಂದ ಶುರುವೋ, ಅವರ ಶೆಡ್ಡಿನಿಂದಲೋ ಎಂಬುದನ್ನೂ ಕೇಳಿ. ಕೊನೆಯ ಜಗಳ ಹುಟ್ಟುವುದು ಅಲ್ಲೇ.

ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್, ಅಲ್ಲಿಂದ ಜೋಗಕ್ಕೆ ಇನ್ನು 30. ದೂರ ಕಡಿಮೆ, ಮಕ್ಕಳಿಗೂ ಅಜ್ಜಿಗೂ ಸಲ್ಲುವ ದಾರಿ. ಬೆಳಿಗ್ಗೆ ಏಳೂವರೆಗೆ ಹೊರಟರೆ ಹತ್ತರ ಹೊತ್ತಿಗೆ ಕೆಳದಿಯ ರಾಮೇಶ್ವರ ದೇವಸ್ಥಾನ. ಅಲ್ಲಿ ಗಂಡಭೇರುಂಡದ ಕೆತ್ತನೆಯನ್ನು ಮೊಮ್ಮಕ್ಕಳಿಗೆ ಹುಡುಕಲು ಹೇಳಿ. ಆಮೇಲೆ ಇಕ್ಕೇರಿಯ ಅಘೋರೇಶ್ವರ. ಎದುರಿನ ಮಂಟಪದಲ್ಲಿ ದೊಡ್ಡ ನಂದಿ ಇದೆ. ಹಿರಿಯರು ದೇವಸ್ಥಾನದ ನೆರಳಲ್ಲಿ ಕೂರಬಹುದು. ಊಟ ಸಾಗರದ ಹತ್ತಿರ, ಕಟ್ಟಿಕೊಂಡು ಬಂದದ್ದು. ಮೂರೂವರೆ, ನಾಲ್ಕಕ್ಕೆ ಜೋಗ.

ಜೋಗದ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿ: 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಮಳೆಗಾಲದ ಬೋರ್ಗರೆತ ದೀಪಾವಳಿಯ ಹೊತ್ತಿಗೆ ಇರುವುದಿಲ್ಲ. ಮೇಲೆ ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸುತ್ತಾರೆ. ಅದಕ್ಕೆ ಬದಲಾಗಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಬೇರೆಬೇರೆಯಾಗಿ ಗುರುತು ಸಿಗುತ್ತವೆ. ಮಂಜು ಮುಚ್ಚಿದ್ದರೆ ಸಿಟ್ಟು ಮಾಡಿಕೊಂಡು ಹೊರಡಬೇಡಿ. ಅಲ್ಲೇ ಕೂತು ಟೀ ಕುಡಿಯಿರಿ, ಗಾಳಿ ಬೀಸಿದರೆ ಪರದೆ ಸರಿದಂತೆ ಎದುರಿನ ಬಂಡೆ ಪೂರ್ತಿ ಕಾಣುತ್ತದೆ. ಕೆಳಗಿಳಿಯುವ ಮೆಟ್ಟಿಲು ಸಾವಿರಕ್ಕೂ ಹೆಚ್ಚು. ತೆರೆದಿದ್ದರೂ ಅದು ಮಂಡಿ ಗಟ್ಟಿ ಇರುವ ಯುವಕರಿಗೆ ಮಾತ್ರ. ಅವರು ಇಳಿದು ಹತ್ತುವ ಹೊತ್ತಿನಲ್ಲಿ ಉಳಿದವರು ಏನು ಮಾಡಬೇಕೆಂದು ಗೊತ್ತಿರಬೇಕು, ಇಲ್ಲದಿದ್ದರೆ ಗಂಟೆಗಟ್ಟಲೆ ಗಾಡಿಯಲ್ಲಿ ಕಾದು ಹಿರಿಯರ ಮುಖ ಬಾಡುತ್ತದೆ. ಕಾಮಗಾರಿಯ ಕಾರಣಕ್ಕೆ ಪ್ರವೇಶ ನಿಲ್ಲಿಸುವುದೂ ಉಂಟು, ಹೊರಡುವ ಹಿಂದಿನ ದಿನ ವಿಚಾರಿಸಿ. ಎರಡನೆಯ ದಿನ ಸಿಗಂದೂರಿಗೆ ಹೋಗುವವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ತೊಂದರೆ ತಪ್ಪಿದೆ. ಹಬ್ಬದ ಜನಸಂದಣಿ ಬೇಡವೆಂದರೆ ಬೆಳಿಗ್ಗೆ ಬೇಗ ಹೋಗಿ.

ದಿನಕ್ಕೆ ಮೂರು ಜಾಗ ಸಾಕು. ನಾಲ್ಕನೆಯದು ಸೇರಿಸಿದರೆ ಊಟದ ಹೊತ್ತು ತಪ್ಪುತ್ತದೆ. ಊಟ ತಪ್ಪಿದರೆ ಅಜ್ಜಿಯ ಮಾತ್ರೆ ತಪ್ಪುತ್ತದೆ, ಮಗು ರಚ್ಚೆ ಹಿಡಿಯುತ್ತದೆ. ವಾಂತಿಯಾಗುವವರು ಮುಂದಿನ ಸೀಟಿನಲ್ಲಿರಲಿ, ಹಿಂದಿನ ಸಾಲು ಹೆಚ್ಚು ಎತ್ತಿಹಾಕುತ್ತದೆ. ದಾರಿಯ ಊಟಕ್ಕೆ ಪುಳಿಯೋಗರೆ ಮತ್ತು ಮೊಸರನ್ನ. ಮೊಸರನ್ನಕ್ಕೆ ಬೆಳಿಗ್ಗೆ ಮೊಸರನ್ನೇ ಕಲಸಿದರೆ ಮಧ್ಯಾಹ್ನಕ್ಕೆ ಹುಳಿ. ಮೆತ್ತಗೆ ಮಾಡಿದ ಅನ್ನ ಉಗುರು ಬೆಚ್ಚಗಿರುವಾಗ 1 ಲೀಟರ್ ಕಾಯಿಸಿ ಆರಿಸಿದ ಹಾಲು, ಎರಡು ಚಮಚ ಮೊಸರು ಹಾಕಿ ಕಲಸಿ. ಒಂದು ಗಂಟೆಯ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ.

ಬುತ್ತಿ

ಬೇಳೆ ಹೋಳಿಗೆ ಹೊರಗೆ ಎರಡು ದಿನ ಇರುತ್ತದೆ, ಅದೂ ಪೂರ್ತಿ ಆರಿದ ಮೇಲೆ ಕಟ್ಟಿದರೆ ಮಾತ್ರ. ಬಿಸಿಯಾಗಿ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಮರುದಿನವೇ ಹಳಸುತ್ತದೆ. ಎರಡರ ನಡುವೆ ಒಂದೊಂದು ತುಂಡು ಬಟರ್ ಪೇಪರ್ ಇಡಿ. ವಿಮಾನದಲ್ಲಿ ಹೋಗುವ ಮಕ್ಕಳಿಗೆ ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆಯ ನಡುವೆ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಒಣ ಕೊಬ್ಬರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ, ಬೇಗ ಹೊತ್ತಿಕೊಳ್ಳುವ ಪದಾರ್ಥಗಳ ಪಟ್ಟಿಯಲ್ಲಿದೆ. ಅದಕ್ಕೆ ಬದಲಾಗಿ ಚಟ್ನಿಪುಡಿ ಮಾಡಿಕೊಡಿ. ಎಷ್ಟು ಬೇಕು ಎಂದು ಅವರನ್ನೇ ಕೇಳಿ. ಇಬ್ಬರೇ ಇರುವ ಮನೆಗೆ ಕಾಲು ಕಿಲೋ ಚಟ್ನಿಪುಡಿ, ಎಂಟು ಹೋಳಿಗೆ, ಹತ್ತು ಕಜ್ಜಾಯ ಧಾರಾಳ. ಡಬ್ಬಿಗಳ ಮೇಲೆ ಹೆಸರು ಬರೆದು ಹಿಂದಿನ ರಾತ್ರಿಯೇ ಬಾಗಿಲ ಬಳಿ ಇಟ್ಟುಬಿಡಿ, ಬೆಳಿಗ್ಗೆ ಆಟೋ ಬಂದು ನಿಂತಾಗ ಒಳಹೊರಗೆ ಓಡಾಡುವುದು ತಪ್ಪಿ ಬಾಗಿಲಲ್ಲಿ ನಿಂತು ಐದು ನಿಮಿಷ ಮಾತಾಡಲು ಸಮಯ ಉಳಿಯುತ್ತದೆ.